ಒಂದೇ ಕೌಂಟಿಯ ಎರಡು ಹೈಸ್ಕೂಲುಗಳು: ಫಾರ್ಮ್‌ವಿಲ್‌ನ ಮಕ್ಕಳು ಮಾಡಿದ ಹೋಲಿಕೆ



ಶಾಲೆಗಳನ್ನು ಹೋಲಿಸುವುದು ನಮಗೆ ಹೊಸತಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಯಾವ ಹೈಸ್ಕೂಲಿಗೆ ನೂರಕ್ಕೆ ನೂರು, ಎಲ್ಲಿ ಎಷ್ಟು ಮಂದಿಗೆ ಫುಲ್ ಎ ಪ್ಲಸ್ ಎಂದು ಎಣಿಸುತ್ತೇವೆ. ಜೂನ್ ಬಂತೆಂದರೆ ಮನೆಮನೆಯಲ್ಲಿ ಚರ್ಚೆ: ಆ ಶಾಲೆಯ ಲ್ಯಾಬ್ ಚೆನ್ನಾಗಿದೆ, ಈ ಶಾಲೆಗೆ ಬಸ್ಸಿದೆ, ಇನ್ನೊಂದರಲ್ಲಿ ಗಣಿತಕ್ಕೆ ಒಳ್ಳೆಯ ಟೀಚರ್ ಇದ್ದಾರೆ. ಅಷ್ಟು ಹೋಲಿಸಿ ಮಗುವನ್ನು ಒಂದು ಕಡೆ ಸೇರಿಸಿದರೆ ವಿಷಯ ಮುಗಿಯಿತು.

ಆದರೆ ಒಂದು ಊರಿನಲ್ಲಿ ಹೈಸ್ಕೂಲು ಮಕ್ಕಳೇ ಇಂಥ ಹೋಲಿಕೆ ಮಾಡಿದರು. ಅದರಿಂದ ಒಂದು ದೇಶದ ಕಾನೂನೇ ಬದಲಾಯಿತು, ಜೊತೆಗೆ ಅವರದೇ ಊರಿನ ಶಾಲೆಗಳಿಗೆ ಐದು ವರ್ಷ ಬೀಗವೂ ಬಿತ್ತು. ಈ ಬಾರಿ ಆ ಚರಿತ್ರೆಯನ್ನು ನಿಮ್ಮ ಮುಂದಿಡುತ್ತೇನೆ. ಇದರಲ್ಲಿ ನಮ್ಮ ವಯಸ್ಸಿನವರಿದ್ದಾರೆ, ಚರ್ಚ್ ಇದೆ, ಒಬ್ಬ ಪಾಸ್ಟರ್ ಇದ್ದಾರೆ. ಸುಲಭವಾಗಿ ಉತ್ತರ ಸಿಗದ ಒಂದು ಪ್ರಶ್ನೆಯೂ ಇದೆ.

ಊರು ಮತ್ತು ಕಾನೂನು

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಪ್ರಿನ್ಸ್ ಎಡ್ವರ್ಡ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ರಾಜ್ಯದೊಳಗಿನ ಒಂದು ಆಡಳಿತ ವಿಭಾಗ. ಆಗ ಅದು ಹೊಗೆಸೊಪ್ಪು ಬೆಳೆಯುವ ಹಳ್ಳಿಗಾಡು. ಫಾರ್ಮ್‌ವಿಲ್ ಅದರ ಮುಖ್ಯ ಪಟ್ಟಣ. ಅಲ್ಲಿನ ಸರಕಾರಿ ಶಾಲೆಗಳನ್ನು ನಡೆಸುತ್ತಿದ್ದದ್ದು ಕೌಂಟಿಯ ಶಾಲಾ ಮಂಡಳಿ. ಹಣವನ್ನು ಬಹುಪಾಲು ಸ್ಥಳೀಯ ತೆರಿಗೆಯಿಂದ ಒದಗಿಸುತ್ತಿದ್ದದ್ದು ಕೌಂಟಿಯ ಆಡಳಿತ ಮಂಡಳಿ. ಎರಡೂ ಮಂಡಳಿಗಳು ಬಿಳಿಯರ ಕೈಯಲ್ಲಿದ್ದವು. ಮುಂದಿನ ಕಥೆಗೆ ಈ ವಿವರ ಬೇಕಾಗುತ್ತದೆ, ನೆನಪಿಡಿ.

ವರ್ಜೀನಿಯಾದ 1902ರ ಸಂವಿಧಾನದಲ್ಲಿ ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಒಂದೇ ಶಾಲೆಯಲ್ಲಿ ಪಾಠ ಮಾಡಬಾರದೆಂಬ ನಿಯಮವಿತ್ತು. ಅದಕ್ಕೂ ಮೊದಲೇ, 1896ರ ಪ್ಲೆಸ್ಸಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಜನಾಂಗಗಳನ್ನು ಬೇರೆ ಇಡುವುದಕ್ಕೆ ಒಪ್ಪಿಗೆ ಕೊಟ್ಟಿತ್ತು. ಬೇರೆ ಇದ್ದರೂ ಸಮಾನವಾಗಿದ್ದರೆ ಸಾಕು ಎಂಬುದು ಅದರ ತತ್ವ.

ಹಾಗಾದರೆ ಸಮಾನವಾಗಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ? ಹೋಲಿಸಿಯೇ ನೋಡಬೇಕು.

ಎರಡು ಶಾಲೆಗಳು

ನ್ಯಾಯಾಲಯದ ದಾಖಲೆಯ ಪ್ರಕಾರ ಆ ಕೌಂಟಿಯಲ್ಲಿ ಹೈಸ್ಕೂಲು ಓದುವ ಬಿಳಿಯ ಮಕ್ಕಳು ಸುಮಾರು 386, ಕಪ್ಪು ಮಕ್ಕಳು ಸುಮಾರು 463. ಬಿಳಿಯರಿಗೆ ಫಾರ್ಮ್‌ವಿಲ್ ಮತ್ತು ವರ್ಶಮ್ ಎಂಬ ಎರಡು ಹೈಸ್ಕೂಲುಗಳು. ಕಪ್ಪು ಮಕ್ಕಳಿಗೆ ಒಂದೇ ಒಂದು, ರಾಬರ್ಟ್ ರಸ್ಸಾ ಮೋಟನ್ ಹೈಸ್ಕೂಲು. ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿ ಬೂಕರ್ ಟಿ. ವಾಷಿಂಗ್ಟನ್ ಅವರ ನಂತರ ಮುಖ್ಯಸ್ಥರಾದವರ ಹೆಸರು ಅದು.

ಮೋಟನ್ ಶಾಲೆಯ ಇಟ್ಟಿಗೆ ಕಟ್ಟಡ ಎದ್ದದ್ದು 1939ರಲ್ಲಿ, ಸುಮಾರು 180 ಮಕ್ಕಳಿಗೆಂದು. ಹತ್ತು ವರ್ಷ ಕಳೆಯುವಷ್ಟರಲ್ಲಿ ಮಕ್ಕಳ ಸಂಖ್ಯೆ ಅದರ ಎರಡು ಪಟ್ಟನ್ನೂ ಮೀರಿತು. ಸಭಾಂಗಣದಲ್ಲಿ ಏಕಕಾಲಕ್ಕೆ ಎರಡು ಮೂರು ತರಗತಿಗಳು ನಡೆಯುತ್ತಿದ್ದವು. ನಿಲ್ಲಿಸಿದ ಬಸ್ಸಿನೊಳಗೂ ಪಾಠವಾದದ್ದುಂಟು. ಪಾಲಕರ ಸಂಘ ಹೊಸ ಕಟ್ಟಡ ಕೇಳಿ ಮತ್ತೆ ಮತ್ತೆ ಮನವಿ ಕೊಟ್ಟಿತು. ಮಂಡಳಿ ಕಟ್ಟಿಸಿಕೊಟ್ಟದ್ದು ಮರದ ಚೌಕಟ್ಟಿಗೆ ಡಾಂಬರು ಕಾಗದ ಹೊದಿಸಿದ ಮೂರು ಶೆಡ್ಡುಗಳನ್ನು. ಹೊರಗಿನಿಂದ ನೋಡಿದವರಿಗೆ ಅವು ಕೋಳಿಗೂಡಿನಂತೆ ಕಾಣುತ್ತಿದ್ದವು. ಒಳಗೆ ಒಂದೊಂದು ಕಟ್ಟಿಗೆ ಒಲೆ. ಒಲೆಯ ಹತ್ತಿರ ಕುಳಿತವರಿಗೆ ಸೆಕೆ, ದೂರ ಕುಳಿತವರು ಕೋಟು ತೆಗೆಯುವಂತಿರಲಿಲ್ಲ. ಮಳೆ ಬಂದರೆ ಮಾಡು ಸೋರುತ್ತಿತ್ತು.

ಫಾರ್ಮ್‌ವಿಲ್ ಹೈಸ್ಕೂಲಿನಲ್ಲಿ ವ್ಯಾಯಾಮಶಾಲೆ ಇತ್ತು, ಊಟದ ಹಾಲ್ ಇತ್ತು, ಕಾಯಿಲೆ ಬಿದ್ದ ಮಕ್ಕಳಿಗೆ ಕೋಣೆ ಇತ್ತು, ವಿಜ್ಞಾನದ ಲ್ಯಾಬ್ ಇತ್ತು. ಮೋಟನ್‌ನಲ್ಲಿ ಇವು ಯಾವುವೂ ಇರಲಿಲ್ಲ. ಮೋಟನ್‌ಗೆ ಬರುತ್ತಿದ್ದ ಬಸ್ಸುಗಳು ಬಿಳಿಯರ ಶಾಲೆಯವರು ಓಡಿಸಿ ಬಿಟ್ಟವು.

ಪಾಠಗಳಲ್ಲಿಯೂ ಅಂತರವಿತ್ತು. ಭೌತಶಾಸ್ತ್ರ, ವಿಶ್ವ ಚರಿತ್ರೆ, ಲ್ಯಾಟಿನ್, ಮುಂದಿನ ಹಂತದ ಟೈಪಿಂಗ್ ಮತ್ತು ಶೀಘ್ರಲಿಪಿ, ಯಂತ್ರ ಹಾಗೂ ಲೋಹದ ಕೆಲಸ, ಡ್ರಾಯಿಂಗ್ ಇವೆಲ್ಲ ಬಿಳಿಯರ ಶಾಲೆಗಳಲ್ಲಿದ್ದು ಮೋಟನ್‌ನಲ್ಲಿ ಇರಲಿಲ್ಲ. ಬಿಎಸ್ಸಿ ಓದಿದವನಾದ್ದರಿಂದ ನನ್ನ ಕಣ್ಣು ಈ ಪಟ್ಟಿಯ ಮೊದಲ ಪದದಲ್ಲೇ ನಿಂತಿತು. ಹೈಸ್ಕೂಲಿನಲ್ಲಿ ಭೌತಶಾಸ್ತ್ರವೇ ಇಲ್ಲದಿದ್ದರೆ ಎಂಜಿನಿಯರ್ ಆಗಬೇಕೆಂಬ ಕನಸು ಆ ಮಗುವಿಗೆ ಬರುವುದಾದರೂ ಎಲ್ಲಿಂದ? ಸೋರುವ ಮಾಡನ್ನು ದಾರಿಯಲ್ಲಿ ಹೋಗುವವರೂ ನೋಡಬಹುದು. ವೇಳಾಪಟ್ಟಿಯಲ್ಲಿ ಇಲ್ಲದ ವಿಷಯ ಯಾರಿಗೂ ಕಾಣುವುದಿಲ್ಲ.

ಹದಿನಾರರ ಹುಡುಗಿ

ಬಾರ್ಬರಾ ಜಾನ್ಸ್ ಹುಟ್ಟಿದ್ದು 1935ರಲ್ಲಿ ನ್ಯೂಯಾರ್ಕಿನಲ್ಲಿ, ಬೆಳೆದದ್ದು ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಹಳ್ಳಿಯ ಹೊಲಮನೆಯಲ್ಲಿ. ಅವಳ ದೊಡ್ಡಪ್ಪ ವರ್ನನ್ ಜಾನ್ಸ್ ಹೆಸರಾದ ಬೋಧಕರು. ಮಾಂಟ್ಗೊಮರಿಯ ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರಿಗಿಂತ ಮೊದಲು ಪಾಸ್ಟರ್ ಆಗಿದ್ದವರು ಅವರೇ. ಶಾಲೆಯ ಸ್ಥಿತಿಯ ಬಗ್ಗೆ ಬಾರ್ಬರಾ ತನ್ನ ಸಂಗೀತ ಟೀಚರಲ್ಲಿ ಬೇಸರ ತೋಡಿಕೊಂಡಾಗ, ಹಾಗಿದ್ದರೆ ನೀನೇ ಏನಾದರೂ ಮಾಡಬಾರದೇ ಎಂದು ಅವರು ಕೇಳಿದರಂತೆ. ಆ ಮಾತು ಹುಡುಗಿಯ ತಲೆಯಲ್ಲಿ ಉಳಿಯಿತು.

ಅವಳು ಕೆಲವು ಸಹಪಾಠಿಗಳನ್ನು ಗುಟ್ಟಾಗಿ ಸೇರಿಸಿದಳು. ಕೆಲ ತಿಂಗಳ ತಯಾರಿಯ ನಂತರ 1951ರ ಏಪ್ರಿಲ್ 23ರಂದು ಕೆಲಸ ಶುರುವಾಯಿತು. ಶಾಲೆಯ ಇಬ್ಬರು ಮಕ್ಕಳು ಬಸ್ ನಿಲ್ದಾಣದಲ್ಲಿ ಪೊಲೀಸರ ಕೈಗೆ ಸಿಕ್ಕಿಬೀಳಲಿದ್ದಾರೆ ಎಂದು ಒಂದು ಸುಳ್ಳು ಫೋನು ಬಂತು. ಪ್ರಿನ್ಸಿಪಾಲ್ ಬಾಯ್ಡ್ ಜೋನ್ಸ್ ಆ ಕಡೆ ಓಡಿದರು. ಅಷ್ಟರಲ್ಲಿ ಎಲ್ಲರೂ ಸಭಾಂಗಣಕ್ಕೆ ಬರಬೇಕೆಂಬ ಚೀಟಿಗಳು ತರಗತಿಗಳಿಗೆ ಹೋದವು. ಚೀಟಿಯ ಕೆಳಗೆ 'ಬಿ. ಜೆ.' ಎಂಬ ಸಹಿ. ಪ್ರಿನ್ಸಿಪಾಲರ ಹೆಸರಿನ ಮೊದಲಕ್ಷರಗಳೂ ಅವೇ, ಬಾರ್ಬರಾ ಜಾನ್ಸ್‌ಳವೂ ಅವೇ!

ವೇದಿಕೆಯ ಪರದೆ ಸರಿದಾಗ ಅಲ್ಲಿ ನಿಂತಿದ್ದವಳು ಬಾರ್ಬರಾ. ಟೀಚರುಗಳನ್ನು ಹೊರಗೆ ಹೋಗುವಂತೆ ಕೇಳಿಕೊಂಡು ಮಕ್ಕಳ ಮುಂದೆ ಎಲ್ಲವನ್ನೂ ಬಿಡಿಸಿ ಹೇಳಿದಳು: ಶೆಡ್ಡು, ಒಲೆ, ಬಸ್ಸು, ಇಲ್ಲದ ಲ್ಯಾಬು. ಹೊಸ ಶಾಲೆ ಸಿಗುವವರೆಗೆ ತರಗತಿಗೆ ಹೋಗುವುದು ಬೇಡ ಎಂದಳು. 450ಕ್ಕೂ ಹೆಚ್ಚು ಮಕ್ಕಳು ಅವಳ ಹಿಂದೆ ಹೊರಗೆ ಬಂದರು. ಮುಷ್ಕರ ಎರಡು ವಾರ ನಡೆಯಿತು.

ಚರ್ಚಿನಲ್ಲಿ ಬದಲಾದ ಬೇಡಿಕೆ

ಮಕ್ಕಳು ಸಲಹೆ ಕೇಳಿ ಹೋದದ್ದು ಫಾರ್ಮ್‌ವಿಲ್‌ನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಎಲ್. ಫ್ರಾನ್ಸಿಸ್ ಗ್ರಿಫಿನ್ ಅವರಲ್ಲಿಗೆ. ಅವರು ಮಕ್ಕಳನ್ನು ಗದರಿಸಿ ತರಗತಿಗೆ ಅಟ್ಟಲಿಲ್ಲ. ಕಪ್ಪು ಜನರ ಹಕ್ಕುಗಳಿಗಾಗಿ ಕೋರ್ಟಿನಲ್ಲಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ರಿಚ್ಮಂಡ್‌ನ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರನ್ನು ಮಕ್ಕಳು ಸಂಪರ್ಕಿಸಿದರು. ಮುಷ್ಕರದ ಮೂರನೇ ದಿನ ವಕೀಲರು ಅದೇ ಚರ್ಚಿನಲ್ಲಿ ಮಕ್ಕಳನ್ನು ಭೇಟಿಯಾದರು.

ವಕೀಲರು ಒಂದು ಷರತ್ತು ಹಾಕಿದರು: ಹೊಸ ಕಟ್ಟಡಕ್ಕಾಗಿ ನಾವು ದಾವೆ ಹೂಡುವುದಿಲ್ಲ, ಮಕ್ಕಳನ್ನು ಬಣ್ಣದಿಂದ ಬೇರ್ಪಡಿಸುವ ನಿಯಮವೇ ಹೋಗಬೇಕೆಂದು ಕೇಳುವುದಾದರೆ ಬರುತ್ತೇವೆ, ಅದಕ್ಕೆ ನಿಮ್ಮ ತಂದೆತಾಯಿ ಒಪ್ಪಬೇಕು. ಮಕ್ಕಳು ಹೊರಟದ್ದು ತಮಗೂ ಒಂದು ಒಳ್ಳೆಯ ಶಾಲೆ ಬೇಕೆಂದು. ಈಗ ಬೇಡಿಕೆ ಅದಕ್ಕಿಂತ ದೊಡ್ಡದಾಯಿತು. ಮೇ 3ರಂದು ಚರ್ಚಿನಲ್ಲಿ ದೊಡ್ಡ ಸಭೆ ಸೇರಿತು. ಕಪ್ಪು ಸಮುದಾಯದ ಹಿರಿಯರಲ್ಲೇ ಕೆಲವರು, ನಾವು ಕೇಳಿದ್ದು ಕಟ್ಟಡ ಮಾತ್ರ, ಇಷ್ಟು ದೂರ ಹೋಗುವುದು ಬೇಡ ಎಂದರು. ಕೊನೆಗೆ ಸಭೆ ನಿಂತದ್ದು ಮಕ್ಕಳ ಕಡೆ.

ಮೇ 23ರಂದು 117 ವಿದ್ಯಾರ್ಥಿಗಳ ಹೆಸರಿನಲ್ಲಿ ದಾವೆ ದಾಖಲಾಯಿತು. ಪಟ್ಟಿಯಲ್ಲಿ ಮೊದಲಿದ್ದ ಡೊರೊಥಿ ಡೇವಿಸ್ ಎಂಬ 14 ವರ್ಷದ ಹುಡುಗಿಯಿಂದ ಅದಕ್ಕೆ ಡೇವಿಸ್ ಪ್ರಕರಣ ಎಂಬ ಹೆಸರು ಬಂತು. ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಶಾಲೆಯ ಆವರಣದಲ್ಲಿ ಯಾರೋ ಶಿಲುಬೆಯೊಂದನ್ನು ಸುಟ್ಟು ಬೆದರಿಕೆ ಹಾಕಿದರು. ನಾವು ಹಣೆಯ ಮೇಲೆ ಬರೆದುಕೊಳ್ಳುವ ಗುರುತನ್ನೇ ಹೆದರಿಸಲು ಬಳಸಿದ್ದರು. ಪ್ರಿನ್ಸಿಪಾಲ್ ಜೋನ್ಸ್ ಕೆಲಸ ಕಳೆದುಕೊಂಡರು. ಮಗಳ ಜೀವಕ್ಕೆ ಹೆದರಿ ಮನೆಯವರು ಬಾರ್ಬರಾಳನ್ನು ಮಾಂಟ್ಗೊಮರಿಯ ದೊಡ್ಡಪ್ಪನ ಮನೆಗೆ ಕಳುಹಿಸಿದರು.

ಮಂಡಳಿಯ ಮೊದಲ ಉತ್ತರ: ಹೊಸ ಕಟ್ಟಡ

1952ರ ಮಾರ್ಚಿನಲ್ಲಿ ಮೂವರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಶಾಲೆಗಳು ಸಮಾನವಾಗಿಲ್ಲ ಎಂದು ಒಪ್ಪಿ, ಬೇಗ ಸರಿಪಡಿಸಿ ಎಂದಿತು. ಆದರೆ ಬೇರ್ಪಡಿಸುವುದರಿಂದ ಯಾರಿಗೂ ಹಾನಿಯಿಲ್ಲ ಎಂದು ಆ ನಿಯಮವನ್ನು ಹಾಗೆಯೇ ಉಳಿಸಿತು. 1953ರಲ್ಲಿ ಹೊಸ ಮೋಟನ್ ಹೈಸ್ಕೂಲು ತೆರೆಯಿತು. ಖರ್ಚು 8 ಲಕ್ಷ ಡಾಲರಿಗೂ ಹೆಚ್ಚು. ಮಕ್ಕಳು ಪಟ್ಟಿ ಮಾಡಿದ್ದ ಕೊರತೆಗಳಿಗೆ ಅಲ್ಲಿ ಉತ್ತರವಿತ್ತು.

ಹೊರಗಿನವರು ಬಂದು ಆಗ ಈ ಶಾಲೆಗಳನ್ನು ಹೋಲಿಸಿದ್ದರೆ ಏನು ಹೇಳುತ್ತಿದ್ದರು? ಮೋಟನ್ ಕಟ್ಟಡವೇ ಹೊಸದು, ಇನ್ನೇನು ಬೇಕು ಎನ್ನುತ್ತಿದ್ದರು. ಅನೇಕರು ಹಾಗೇ ಅಂದುಕೊಂಡರು ಕೂಡ. ಆದರೂ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಕಾನ್ಸಾಸ್, ದಕ್ಷಿಣ ಕ್ಯಾರೊಲಿನಾ, ಡೆಲವೇರ್ ರಾಜ್ಯಗಳ ಪ್ರಕರಣಗಳ ಜೊತೆ ಸೇರಿ, 1954ರ ಮೇ 17ರಂದು ಬ್ರೌನ್ ತೀರ್ಪು ಎಂದು ಪ್ರಸಿದ್ಧವಾದ ತೀರ್ಪು ಬಂತು. ಸರಕಾರಿ ಶಾಲೆಗಳಲ್ಲಿ ಬೇರ್ಪಡಿಸುವುದೇ ಅಸಮಾನತೆ ಎಂದು ಕೋರ್ಟು ಹೇಳಿತು. ಒಟ್ಟು ದಾವೆದಾರರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು. ವಿದ್ಯಾರ್ಥಿಗಳ ಮುಷ್ಕರದಿಂದ ಹುಟ್ಟಿದ ಪ್ರಕರಣ ಅವುಗಳಲ್ಲಿ ಇದೊಂದೇ.

ಎರಡನೆಯ ಉತ್ತರ: ಬೀಗ

ಕಥೆ ಇಲ್ಲಿ ಮುಗಿದಿದ್ದರೆ ಚೆನ್ನಾಗಿತ್ತು. ತೀರ್ಪು ಬಂದರೂ ವರ್ಜೀನಿಯಾದ ನಾಯಕರು ಅದನ್ನು ತಡೆಯಲು ಪಣತೊಟ್ಟರು. ಮಕ್ಕಳನ್ನು ಒಟ್ಟಿಗೆ ಸೇರಿಸಲೇಬೇಕೆಂಬ ಆದೇಶ 1959ರಲ್ಲಿ ಕೌಂಟಿಯ ಬಾಗಿಲಿಗೆ ಬಂದಾಗ, ಕೌಂಟಿಯ ಆಡಳಿತ ಮಂಡಳಿ ಶಾಲೆಗಳಿಗೆ ಹಣ ಕೊಡುವುದನ್ನೇ ನಿಲ್ಲಿಸಿತು. ಒಂದನೇ ತರಗತಿಯಿಂದ ಹೈಸ್ಕೂಲಿನವರೆಗೆ ಎಲ್ಲ ಸರಕಾರಿ ಶಾಲೆಗಳಿಗೂ ಬೀಗ ಬಿತ್ತು.

ಬಿಳಿಯ ಮಕ್ಕಳಿಗಾಗಿ ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಎಂಬ ಖಾಸಗಿ ಶಾಲೆ ಸಿದ್ಧವಾಯಿತು. ಅದಕ್ಕೆ ಆರಂಭದಲ್ಲಿ ಸ್ವಂತ ಕಟ್ಟಡವಿರಲಿಲ್ಲ. ತರಗತಿಗಳು ನಡೆದ ಜಾಗಗಳಲ್ಲಿ ಬಿಳಿಯರ ಚರ್ಚುಗಳೂ ಇದ್ದವು. ಕೆಲ ಕಾಲ ರಾಜ್ಯದ ಶುಲ್ಕ ಅನುದಾನ ಮತ್ತು ಕೌಂಟಿಯ ತೆರಿಗೆ ರಿಯಾಯಿತಿಯೂ ಅದಕ್ಕೆ ಆಸರೆಯಾದವು. ಸುಮಾರು 1,700 ಕಪ್ಪು ಮಕ್ಕಳಿಗೆ ಶಾಲೆಯೇ ಇಲ್ಲ. ಅಕಾಡೆಮಿಗೆ ಹೋಗಲಾಗದ ಕೆಲವು ಬಡ ಬಿಳಿಯ ಮಕ್ಕಳೂ ಮನೆಯಲ್ಲಿ ಉಳಿದರು.

ಕಪ್ಪು ಸಮುದಾಯ ತಮ್ಮ ಚರ್ಚುಗಳ ನೆಲಮಾಳಿಗೆಗಳಲ್ಲಿ ಓದುವ ಕೇಂದ್ರಗಳನ್ನು ತೆರೆಯಿತು. ಹೈಸ್ಕೂಲಿನ ಕೆಲವರು ಉತ್ತರ ಕ್ಯಾರೊಲಿನಾದ ಕಿಟ್ರೆಲ್ ಕಾಲೇಜಿಗೆ ಹೋದರು. ಕ್ವೇಕರ್ ಕ್ರೈಸ್ತರ ಸೇವಾ ಸಂಸ್ಥೆ ಹಲವರನ್ನು ದೂರದ ರಾಜ್ಯಗಳ ಮನೆಗಳಲ್ಲಿ ಇರಿಸಿ ಓದಿಸಿತು. ಕೆಲವರು ನೆಂಟರ ಮನೆ ಸೇರಿದರು. ಉಳಿದವರು ಹೊಲದ ಕೆಲಸಕ್ಕೆ ಇಳಿದರು. ಕೆಲವರು ಮುಂದೆ ಎಂದೂ ಶಾಲೆಗೆ ಮರಳಲೇ ಇಲ್ಲ.

ಇನ್ನೊಂದು ವಿಷಯವನ್ನು ನಾವು ಮರೆಯಬಾರದು. ಕಪ್ಪು ಮಕ್ಕಳಿಗೂ ಬೇರೆಯೇ ಒಂದು ಖಾಸಗಿ ಶಾಲೆ ಮಾಡಿಕೊಡುತ್ತೇವೆ ಎಂದು ಕೆಲವು ಬಿಳಿಯ ಮುಖಂಡರು ಮುಂದೆ ಬಂದರು. ಪಾಲಕರು ಒಪ್ಪಲಿಲ್ಲ. ಒಪ್ಪಿದ್ದರೆ ಬೇರ್ಪಡಿಸುವ ಪದ್ಧತಿಗೆ ತಾವೇ ಸಹಿ ಹಾಕಿದಂತೆ ಎಂದು ಅವರಿಗೆ ತಿಳಿದಿತ್ತು. ಆದರೆ ಆ ನಿರ್ಧಾರಕ್ಕೆ ಬೆಲೆ ತೆತ್ತವರು ಅವರ ಮಕ್ಕಳು. ಒಂದನೇ ತರಗತಿಗೆ ಸೇರಬೇಕಿದ್ದ ಮಗುವಿಗೆ ಬಾಗಿಲು ತೆರೆಯುವಷ್ಟರಲ್ಲಿ ಹತ್ತು ಹನ್ನೊಂದು ವರ್ಷ. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ.

ಗ್ರಿಫಿನ್ ಪಾಸ್ಟರ್ ಊರು ಬಿಡಲಿಲ್ಲ. ಅವರ ಮಕ್ಕಳೂ ಶಾಲೆಯಿಲ್ಲದವರ ಸಾಲಿನಲ್ಲೇ ಇದ್ದರು. ಮತ್ತೆ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣಕ್ಕೆ ಅವರ ಮನೆತನದ ಹೆಸರೇ ಇದೆ, ಗ್ರಿಫಿನ್ ಪ್ರಕರಣ. 1963ರ ಸೆಪ್ಟೆಂಬರಿನಲ್ಲಿ ಕೆನಡಿ ಸರಕಾರದ ಪ್ರಯತ್ನದಿಂದ, ದಾನಿಗಳ ಹಣದಲ್ಲಿ ಉಚಿತ ಶಾಲೆಗಳು ಒಂದು ವರ್ಷದ ಮಟ್ಟಿಗೆ ತೆರೆದವು. 1964ರ ಮೇ 25ರಂದು ತೀರ್ಪು ಬಂತು: ಬೇರ್ಪಡಿಸುವುದನ್ನು ಉಳಿಸಿಕೊಳ್ಳಲೆಂದು ಶಾಲೆ ಮುಚ್ಚುವುದು ಸಂವಿಧಾನಕ್ಕೆ ವಿರುದ್ಧ, ಬೇಕಾದರೆ ತೆರಿಗೆ ಎತ್ತಿ ಶಾಲೆ ನಡೆಸುವಂತೆ ನ್ಯಾಯಾಲಯ ಆದೇಶಿಸಬಹುದು. ಆ ಸೆಪ್ಟೆಂಬರಿನಲ್ಲಿ ಸರಕಾರಿ ಶಾಲೆಗಳು ತೆರೆದವು. ಬಂದವರಲ್ಲಿ ಬಿಳಿಯ ಮಕ್ಕಳು ಬೆರಳೆಣಿಕೆಯಷ್ಟು ಮಾತ್ರ. ಅವರು ಮರಳಲು ಮತ್ತೂ ವರ್ಷಗಳು ಹಿಡಿದವು.

ಹೋಲಿಕೆಯಿಂದ ಕಲಿಯುವುದೇನು?

1953ರ ಆ ಹೊಸ ಕಟ್ಟಡವನ್ನು ನೆನಪಿಸಿಕೊಳ್ಳಿ. ಎಂಟು ಲಕ್ಷ ಡಾಲರಿನ ಆ ಶಾಲೆಗೂ 1959ರಲ್ಲಿ ಬೀಗ ಬಿತ್ತು. ಸಮಾನತೆ ಎಂದು ಕೊಟ್ಟದ್ದು ಆರು ವರ್ಷ ಬಾಳಿತು. ಒಲೆ, ಲ್ಯಾಬು, ಬಸ್ಸುಗಳನ್ನು ಹೋಲಿಸಿದ ಮಕ್ಕಳು ಮಾಡಿದ್ದು ಸರಿಯಾದ ಕೆಲಸ, ಅದಿಲ್ಲದೆ ಯಾರೂ ಕಣ್ಣು ತೆರೆಯುತ್ತಿರಲಿಲ್ಲ. ಆದರೆ ಆ ಪಟ್ಟಿಯಲ್ಲಿ ಇನ್ನೊಂದು ಸಾಲು ಬೇಕಿತ್ತು: ಈ ಶಾಲೆಯ ಬೀಗದ ಕೈ ಯಾರ ಹತ್ತಿರ ಇದೆ? ಎಲ್ಲರ ಮಕ್ಕಳೂ ಒಂದೇ ಶಾಲೆಗೆ ಹೋಗುವಾಗ ಅದನ್ನು ಮುಚ್ಚುವವನು ತನ್ನ ಮಗುವನ್ನೂ ಹೊರಗಿಡಬೇಕಾಗುತ್ತದೆ. ಬೇರೆಯವರ ಮಕ್ಕಳಿಗೆಂದೇ ಇಟ್ಟ ಶಾಲೆ ಎಷ್ಟೇ ಚಂದವಿರಲಿ, ಅದು ಕೊಟ್ಟವರ ಮರ್ಜಿಯ ಮೇಲೆ ನಿಂತಿರುತ್ತದೆ. ವಕೀಲರು ಚರ್ಚಿನಲ್ಲಿ ಮಕ್ಕಳಿಗೆ ಹಾಕಿದ ಷರತ್ತಿನ ಅರ್ಥ ಇದೇ ಎಂದು ನನಗೆ ಅನಿಸುತ್ತದೆ.

ನಾವು ಗಡಿನಾಡಿನವರು. ಒಂದೇ ಆವರಣದಲ್ಲಿ ಕನ್ನಡ ಮಾಧ್ಯಮ, ಮಲಯಾಳ ಮಾಧ್ಯಮದ ತರಗತಿಗಳು ಅಕ್ಕಪಕ್ಕ ನಡೆಯುವುದನ್ನು ಕಂಡವರು. ಅಮೆರಿಕದ ಕಥೆಯನ್ನು ಇದರ ಮೇಲೆ ಹಾಗೆಯೇ ಹೊದಿಸುವುದು ತಪ್ಪು. ಕನ್ನಡದ ತರಗತಿ ಬೇಕೆಂದು ಕೇಳುವವರು ನಾವೇ, ಅದು ನಮ್ಮ ಹಕ್ಕು. ಬೇರೆ ಶಾಲೆ ಕೊಡಿ ಎಂದು ಮೋಟನ್‌ನ ಮಕ್ಕಳು ಕೇಳಿರಲಿಲ್ಲ, ಅದನ್ನು ಅವರ ಮೇಲೆ ಹೇರಲಾಗಿತ್ತು. ಕೇಳಿ ಪಡೆದ ಬೇರೆತನಕ್ಕೂ ಹೇರಿದ ಬೇರೆತನಕ್ಕೂ ಇರುವ ವ್ಯತ್ಯಾಸ ದೊಡ್ಡದು. ಆದರೂ ಪ್ರಶ್ನೆಗಳು ನಮಗೂ ಬೇಕು: ಎರಡೂ ಕಡೆ ಟೀಚರುಗಳು ಸಮಯಕ್ಕೆ ಬರುತ್ತಾರೆಯೇ, ಪುಸ್ತಕ ಒಂದೇ ದಿನ ಸಿಗುತ್ತದೆಯೇ, ಲ್ಯಾಬಿನ ಬಾಗಿಲು ಎಲ್ಲರಿಗೂ ತೆರೆದಿದೆಯೇ, ತೀರ್ಮಾನ ಮಾಡುವಲ್ಲಿ ನಮ್ಮವರು ಕುಳಿತಿದ್ದಾರೆಯೇ?

ಚರ್ಚಿಗೆ ಸೇರಿದವರಾಗಿ ಇನ್ನೊಂದು ಮಾತು. ಒಂದೇ ಕೌಂಟಿ, ಒಂದೇ ಬೈಬಲ್. ಒಂದು ಚರ್ಚು ಮಕ್ಕಳಿಗೆ ಬಾಗಿಲು ತೆರೆದು ಅನ್ಯಾಯದ ವಿರುದ್ಧ ನಿಲ್ಲಲು ಜಾಗ ಕೊಟ್ಟಿತು. ಬೇರೆ ಚರ್ಚುಗಳು ಅದೇ ಅನ್ಯಾಯ ಮುಂದುವರಿಯಲು ಬೆಂಚು ಕುರ್ಚಿ ಒದಗಿಸಿದವು. ನಮ್ಮ ಹಾಲ್ ಯಾರಿಗೆ ತೆರೆಯುತ್ತದೆ ಎಂಬುದು ಸಣ್ಣ ವಿಷಯವಲ್ಲ.

2003ರಲ್ಲಿ ಆ ಕೌಂಟಿ, ಶಾಲೆ ಕಳೆದುಕೊಂಡವರಿಗೆ ಗೌರವ ಡಿಪ್ಲೊಮಾ ಕೊಟ್ಟಿತು. ಮರುವರ್ಷ ವರ್ಜೀನಿಯಾ ರಾಜ್ಯ ಅವರಿಗಾಗಿ ವಿದ್ಯಾರ್ಥಿವೇತನ ನಿಧಿ ತೆರೆಯಿತು. ಆಗ ಅವರಲ್ಲಿ ಅನೇಕರು ಅಜ್ಜ ಅಜ್ಜಿಯರ ವಯಸ್ಸಿನವರು. ಹಳೆಯ ಮೋಟನ್ ಕಟ್ಟಡ ಈಗ ಮ್ಯೂಸಿಯಂ ಆಗಿದೆ. ಬಾರ್ಬರಾ ಜಾನ್ಸ್ 1991ರಲ್ಲಿ ತೀರಿಕೊಂಡರು. ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿದ್ದ ಜನರಲ್ ರಾಬರ್ಟ್ ಇ. ಲೀ ಅವರ ಪ್ರತಿಮೆಯನ್ನು 2020ರ ಡಿಸೆಂಬರಿನಲ್ಲಿ ತೆಗೆದಾಗ, ಆ ಜಾಗಕ್ಕೆ ವರ್ಜೀನಿಯಾ ಆರಿಸಿದ್ದು ಅವರನ್ನೇ. ಗುಲಾಮಗಿರಿಯನ್ನು ಉಳಿಸಲು ನಡೆದ ಯುದ್ಧದ ಸೇನಾಪತಿಯ ಜಾಗಕ್ಕೆ, ಭೌತಶಾಸ್ತ್ರದ ತರಗತಿಯೂ ಇಲ್ಲದ ಶಾಲೆಯ ಹದಿನಾರರ ಹುಡುಗಿ.

ಮುಂದಿನ ಯುವ ಕೂಟದಲ್ಲಿ ಇದನ್ನು ಮಾತಾಡೋಣ. ಬರುವಾಗ ನೀವು ಓದಿದ ಹೈಸ್ಕೂಲಿನ ಪಟ್ಟಿಯೊಂದನ್ನು ಬರೆದು ತನ್ನಿ: ಏನಿತ್ತು, ಏನಿರಲಿಲ್ಲ, ಪಕ್ಕದ ಶಾಲೆಯಲ್ಲಿ ಏನಿತ್ತು. ಕೊನೆಯ ಸಾಲಿನಲ್ಲಿ ಬೀಗದ ಕೈ ಯಾರ ಬಳಿ ಇತ್ತೆಂದು ಬರೆಯಿರಿ.